ಸಿಡುಕಿನ ಡಾಕ್ಟರಮ್ಮ ಮತ್ತು ಶಿವಮೊಗ್ಗದ ಯಹೂದಿ ಹುಡುಗಿ

ಪ್ರತಿಯೊಂದು ಮನೆಯಲ್ಲೂ ಒಬ್ಬ ಸಿಡುಕಿನ ಡಾಕ್ಟರರ ಕಥೆ ಇದ್ದೇ ಇರುತ್ತದೆ. ಮದುವೆ ಮನೆಯಲ್ಲಿ ನಾಲ್ಕು ಮಂದಿ ಹಿರಿಯ ಹೆಂಗಸರು ಒಂದು ಕಡೆ ಕುಳಿತರೆ ಸಾಕು, ಮಾತು ಮೆಲ್ಲಗೆ ಹೆರಿಗೆ, ಬಾಣಂತನಗಳ ಕಡೆಗೆ ಹೊರಳುತ್ತದೆ. "ನನ್ನ ಎರಡನೆಯದರ ಹೊತ್ತಿನಲ್ಲಿ ಆ ಡಾಕ್ಟರಮ್ಮ ಎಂಥ ಮಾತು ಅಂದಳು ಗೊತ್ತಾ?" ಎಂದು ಒಬ್ಬರು ಆರಂಭಿಸುತ್ತಾರೆ. "ಬೈದರೆ ಬೈಯಲಿ ಬಿಡು, ಜೀವ ಉಳಿಸಿದಳಲ್ಲ" ಎಂದು ಇನ್ನೊಬ್ಬರು ಹೇಳುತ್ತಾರೆ. ಮೂರನೆಯವರು ಏನೂ ಹೇಳುವುದಿಲ್ಲ. ಅವರ ಮನಸ್ಸಿಗೆ ಅಂದು ಆದ ಗಾಯ ಇನ್ನೂ ಮಾಸಿರುವುದಿಲ್ಲ.

ನಮ್ಮ ನಾನಿಗೆ ಏಳು ಮಕ್ಕಳು. ಐದು ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಆದವು. ಆರನೆಯದರಲ್ಲಿ ಕಾಲು ಊದಿಕೊಂಡು, ತಲೆ ಸಿಡಿದು, ಕಣ್ಣು ಮಂಜಾದಾಗ ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರಂತೆ. ಅಲ್ಲಿದ್ದ ಡಾಕ್ಟರಮ್ಮ ಮೊದಲು ನಾನಾರನ್ನು, ಆಮೇಲೆ ನಾನಾರ ತಾಯಿಯನ್ನು, ಕೊನೆಗೆ ಜಟಕಾದವನನ್ನೂ ಬಿಡದೆ ತರಾಟೆಗೆ ತೆಗೆದುಕೊಂಡರಂತೆ. "ಮೂರು ದಿನದಿಂದ ತಲೆನೋವು ಅನ್ನುತ್ತಿದ್ದಾಳೆ, ಈಗ ಕರೆತಂದಿದ್ದೀರಾ?" ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರಂತೆ. ರಾತ್ರಿಯಿಡೀ ಅದೇ ಡಾಕ್ಟರಮ್ಮ ನಾನಿಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದರು. ಸಾಯುವವರೆಗೂ ನಾನಿ ಆ ಹೆಂಗಸಿಗಾಗಿ ದುಆ ಮಾಡುತ್ತಿದ್ದರು. ಅವರು ಯಾವ ಜಾತಿ, ಯಾವ ಮತ ಎಂದು ನಾನಿ ಎಂದೂ ಹೇಳಲಿಲ್ಲ. ಅವರಿಗೆ ಅದು ತಿಳಿದಿರಲೂ ಇಲ್ಲ.

ಈ ತಿಂಗಳು ಡಾಕ್ಟರರ ವಿಷಯ ಬರೆಯಲು ಒಂದು ಕಾರಣವಿದೆ. ನಮ್ಮ ಮದ್ರಸದಲ್ಲಿ ಸಂಜೆ ಪಾಠಕ್ಕೆ ಬರುವ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಆಪಾ, ಡಾಕ್ಟರ್ ಯಹೂದಿಯಾಗಿದ್ದರೆ ಅವರಿಂದ ಮದ್ದು ತೆಗೆದುಕೊಳ್ಳಬಹುದಾ?" ಎಂದು ಕೇಳಿದಳು. ತರಗತಿಯ ಉಳಿದ ಹುಡುಗಿಯರು ನಗಲಿಲ್ಲ. ಎಲ್ಲರೂ ಉತ್ತರಕ್ಕಾಗಿ ಕಾದರು. 2023ರ ಅಕ್ಟೋಬರ್‌ನಿಂದ ಈಚೆಗೆ ಗಾಝಾದ ಮಕ್ಕಳ, ಆಸ್ಪತ್ರೆಗಳ ಚಿತ್ರಗಳನ್ನು ಈ ಮಕ್ಕಳು ಮೊಬೈಲಿನಲ್ಲಿ ನೋಡುತ್ತಲೇ ಬಂದಿದ್ದಾರೆ. ನೋಡಿ ಅತ್ತಿದ್ದಾರೆ. ಅಳುವ ಮನಸ್ಸಿನಲ್ಲಿ ಕೋಪ ಹುಟ್ಟುವುದು ಸಹಜ. ಆ ಕೋಪ ಅನ್ಯಾಯ ಮಾಡಿದವರ ಮೇಲೆ ಇರಬೇಕೇ, ಅಥವಾ ಅವರ ಹೆಸರಿನ ಸಮುದಾಯದಲ್ಲಿ ಹುಟ್ಟಿದ ಪ್ರತಿಯೊಬ್ಬರ ಮೇಲೂ ಇರಬೇಕೇ? ಮಕ್ಕಳ ಪ್ರಶ್ನೆಯ ತಿರುಳು ಇದು. ಯಾರೋ ಒಬ್ಬನು ಮಾಡಿದ ಕೃತ್ಯಕ್ಕೆ ಇಡೀ ಮುಸ್ಲಿಮ್ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿದಾಗ ನಮಗಾಗುವ ನೋವು ನಮಗೆ ಗೊತ್ತು. ಅದೇ ತಕ್ಕಡಿಯಿಂದ ನಾವು ಇನ್ನೊಬ್ಬರನ್ನು ತೂಗಬಹುದೇ?

ಉಪದೇಶಕ್ಕಿಂತ ಒಂದು ಜೀವನಕಥೆ ಮೇಲು ಎಂದುಕೊಂಡು ಆ ಹುಡುಗಿಯರಿಗೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಯಹೂದಿ ಡಾಕ್ಟರ್ ಒಬ್ಬರ ಕಥೆ ಹೇಳಿದೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ನೆರೆಯಲ್ಲಿದ್ದವರು

ಯಹೂದಿಗಳೆಂದರೆ ಎಲ್ಲೋ ದೂರದ ದೇಶದವರು ಎಂದೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಆದರೆ ಕೆಂಗೇರಿ ಕಡೆಯಿಂದ ಸಿಟಿ ಮಾರ್ಕೆಟ್ಟಿಗೆ ಹೋಗುವ ನಮ್ಮದೇ ಮೈಸೂರು ರಸ್ತೆಯ ಬಳಿ ಬೆಂಗಳೂರಿನ ಯಹೂದಿಗಳ ದಫನಭೂಮಿ ಇದೆ. 1904ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕಾಗಿ ಜಾಗ ಕೊಟ್ಟರು. ಹೀಬ್ರೂ ಅಕ್ಷರ ಕೆತ್ತಿದ ಕೆಲವೇ ಹತ್ತು ಗೋರಿಗಳಿರುವ ಪುಟ್ಟ ಜಾಗ ಅದು. ಈ ನಗರದಲ್ಲಿ ಅವರಿಗೆ ಒಂದು ಸಿನಗಾಗ್ ಕೂಡ ಇರಲಿಲ್ಲ. ಅಷ್ಟು ಕಡಿಮೆ ಮಂದಿ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸೆಸ್ ಎಂಬ ಇರಾಕಿ ಮೂಲದ ಯಹೂದಿ ವ್ಯಾಪಾರಿಯ ಪಾದರಕ್ಷೆಯ ಅಂಗಡಿ ಒಂದು ಕಾಲದಲ್ಲಿ ಬಹಳ ಪ್ರಸಿದ್ಧವಾಗಿತ್ತು.

ನಮ್ಮ ಪಶ್ಚಿಮ ಕರಾವಳಿಯ ಯಹೂದಿಗಳನ್ನು ಬೆನೆ ಇಸ್ರೇಲ್ ಎನ್ನುತ್ತಾರೆ. ಮುಂಬೈಯ ದಕ್ಷಿಣಕ್ಕಿರುವ ಕೊಂಕಣದ ಹಳ್ಳಿಗಳು ಅವರ ನೆಲೆ. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ'ಗಳು ಎಂದು ಕರೆದರು. ಮನೆಮಾತು ಮರಾಠಿ. ಹೆಂಗಸರು ಸೀರೆ ಉಡುತ್ತಿದ್ದರು. ಹಂದಿಮಾಂಸ ಅವರಿಗೂ ನಿಷಿದ್ಧ. ಗಂಡುಮಕ್ಕಳಿಗೆ ಸುನ್ನತಿ ಅವರಲ್ಲೂ ಕಡ್ಡಾಯ. ಹರಕೆ ತೀರಿದಾಗ, ಮದುವೆಯ ಮುಂಚೆ, ಅವರು ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ, ಹಣ್ಣು ಸೇರಿಸಿ ಒಂದು ಸಿಹಿ ಮಾಡಿ ಪ್ರವಾದಿ ಇಲ್ಯಾಸ್‌(ಅ)ರ ಹೆಸರು ನೆನೆದು ಹಂಚುತ್ತಾರೆ. ಅದರ ಹೆಸರು ಏನು ಗೊತ್ತೇ? ಮಲೀದಾ! ನಮ್ಮ ಅಜ್ಜಿಯರು ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ, ತುಪ್ಪ ಸೇರಿಸಿ ಮಾಡುವ ಮಲೀದಾದ ಹೆಸರೇ ಅವರ ಮನೆಯಲ್ಲೂ ಇದೆ ಎಂದಾಗ ನಮ್ಮ ಹುಡುಗಿಯರ ಮುಖ ಅರಳಿತು.

ಈ ಸಮುದಾಯದ ವಿದ್ಯಾವಂತರು ಬ್ರಿಟಿಷರ ಕಾಲದಲ್ಲಿ ಸೈನ್ಯ, ರೈಲ್ವೆ, ಸರಕಾರಿ ಕಚೇರಿ ಮತ್ತು ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿ ಬೇರೆ ಬೇರೆ ಊರುಗಳಿಗೆ ಹೋದರು. ಅಂಥ ಒಂದು ಕುಟುಂಬದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ದಶಕ ಶುರುವಾಗುವ ಹೊತ್ತಿಗೆ, ನಮ್ಮ ಶಿವಮೊಗ್ಗದಲ್ಲಿ ಒಬ್ಬ ಹೆಣ್ಣುಮಗಳು ಹುಟ್ಟಿದಳು. ಹೆಸರು ಜೆರುಶಾ ಝಿರಾಡ್.

ಅಕ್ಕನ ಕಾಯಿಲೆ, ತಂಗಿಯ ಹಠ

ಜೆರುಶಾ ಹನ್ನೊಂದು ವರ್ಷದವಳಿದ್ದಾಗ ಅವಳ ಅಕ್ಕನಿಗೆ ಕಾಯಿಲೆ ವಿಷಮಿಸಿತು. ಮುಂಬೈಯ ಕಾಮಾ ಆಸ್ಪತ್ರೆಗೆ ಸೇರಿಸಿದರು. ಆ ಆಸ್ಪತ್ರೆ ಹೆಂಗಸರಿಗೂ ಮಕ್ಕಳಿಗೂ ಮೀಸಲು. ಪಾರ್ಸಿ ಸಮುದಾಯದ ಪೆಸ್ತೋನ್‌ಜಿ ಹೊರ್ಮುಸ್‌ಜಿ ಕಾಮಾ ಎಂಬ ದಾನಿಯ ಹಣದಿಂದ ಕಟ್ಟಿದ್ದು, 1886ರಲ್ಲಿ ತೆರೆಯಿತು. ಅದರ ಮುಖ್ಯ ನಿಯಮವೇನೆಂದರೆ ಅಲ್ಲಿ ಚಿಕಿತ್ಸೆ ಕೊಡುವವರೂ ಮಹಿಳೆಯರೇ ಆಗಿರಬೇಕು. ಗಂಡು ಡಾಕ್ಟರರ ಮುಂದೆ ಹೋಗಲು ಒಪ್ಪದೆ ಮನೆಯೊಳಗೇ ಕೊರಗಿ ಸಾಯುತ್ತಿದ್ದ ಹಿಂದೂ, ಮುಸ್ಲಿಮ್, ಪಾರ್ಸಿ ಹೆಂಗಸರಿಗಾಗಿ ಮಾಡಿದ ಏರ್ಪಾಡು ಅದು. ಅಲ್ಲಿದ್ದ ಡಾ. ಬೆನ್ಸನ್ ಎಂಬ ಇಂಗ್ಲಿಷ್ ಮಹಿಳೆಯ ಕೈಯಲ್ಲಿ ಅಕ್ಕ ಗುಣಮುಖಳಾದಳು. ತಂಗಿ ಅಂದೇ ನಿರ್ಧರಿಸಿದಳು: ನಾನೂ ಡಾಕ್ಟರ್ ಆಗಬೇಕು, ಇದೇ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು.

ಹನ್ನೊಂದರ ವಯಸ್ಸಿನಲ್ಲಿ ಇಂಥ ಮಾತನ್ನು ನಮ್ಮ ಮಕ್ಕಳೂ ಆಡುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಜೆರುಶಾರ ಮನೆಯಲ್ಲಿ ಯಾರೂ ಆ ಮಾತನ್ನು ತಳ್ಳಿಹಾಕಲಿಲ್ಲ. ಪುಣೆಯಲ್ಲಿ ಶಾಲೆ ಮುಗಿಸಿ ಅವರು ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಸೇರಿದರು. ಪದವಿಯ ನಂತರ ಇಂಗ್ಲೆಂಡಿಗೆ ಹೋಗಬೇಕು, ಆದರೆ ಹಣವಿಲ್ಲ. ಟಾಟಾ ಸಂಸ್ಥೆಯ ವಿದ್ಯಾರ್ಥಿ ಸಾಲ ಪಡೆದು ಹಡಗು ಹತ್ತಿದರು. ವಿದೇಶದಲ್ಲಿ ಓದುವವರಿಗೆ ಭಾರತ ಸರಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನ ಅಲ್ಲಿಯವರೆಗೆ ಗಂಡುಮಕ್ಕಳಿಗೆ ಮಾತ್ರ ಸಿಗುತ್ತಿತ್ತು. 1914ರಲ್ಲಿ ಅದು ಮೊದಲ ಬಾರಿಗೆ ಒಬ್ಬ ಮಹಿಳೆಗೆ ದೊರೆಯಿತು. ಆ ಮಹಿಳೆ ಶಿವಮೊಗ್ಗದಲ್ಲಿ ಹುಟ್ಟಿದ ಈ ಹುಡುಗಿ.

ಮೊದಲ ಮಹಾಯುದ್ಧದ ಕಾಲವದು. ಲಂಡನ್ನಿನ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಕೆಲಸ ಮಾಡುತ್ತಲೇ ಓದಿ, 1919ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದು ಊರಿಗೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ 1924ರವರೆಗೆ ನಮ್ಮ ಬೆಂಗಳೂರಿನಲ್ಲೇ ಹಿರಿಯ ಸರ್ಜನ್ ಆಗಿ ಸೇವೆ ಸಲ್ಲಿಸಿದರು. 1925ರಲ್ಲಿ ಕಾಮಾ ಆಸ್ಪತ್ರೆಗೆ ಗೌರವ ಸರ್ಜನ್ ಆಗಿ ಹೋದರು. 1928ರಿಂದ 1947ರವರೆಗೆ ಆ ಆಸ್ಪತ್ರೆಯ ಪೂರ್ತಿ ಹೊಣೆ ಅವರದೇ. ಅಕ್ಕ ಮಲಗಿದ್ದ ವಾರ್ಡುಗಳ ನಡುವೆ ತಂಗಿ ಹತ್ತೊಂಬತ್ತು ವರ್ಷ ಮುಖ್ಯಸ್ಥೆಯಾಗಿ ಓಡಾಡಿದರು.

ಲೆಕ್ಕ ಬರೆದಿಟ್ಟ ಕೈ

ಡಾ. ಝಿರಾಡ್ ಅವರ ಬದುಕಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಪದವಿ, ಪ್ರಶಸ್ತಿಗಳಲ್ಲ. 1937-38ರಲ್ಲಿ ಅವರು ಮುಂಬೈ ನಗರದಲ್ಲಿ ಹೆರಿಗೆಯ ಕಾರಣದಿಂದ ಸತ್ತ ಹೆಂಗಸರ ಬಗ್ಗೆ ತನಿಖೆ ನಡೆಸಿದರು. ಅದರ ವರದಿ 1941ರಲ್ಲಿ ಪ್ರಕಟವಾಯಿತು. ಬಾಣಂತಿ ಸತ್ತರೆ 'ವಿಧಿ' ಎಂದು ಮಣ್ಣು ಮಾಡಿ ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಇವಳು ಏಕೆ ಸತ್ತಳು, ಅದನ್ನು ತಡೆಯಬಹುದಿತ್ತೇ ಎಂದು ಕೇಳುವುದು ಸಣ್ಣ ಮಾತಾಗಿರಲಿಲ್ಲ.

ಆ ಕಾಲದ ಸ್ಥಿತಿ ಎಂಥದೆಂದು 1946ರ ಭೋರ್ ಸಮಿತಿಯ ವರದಿ ಹೇಳುತ್ತದೆ. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಬಸಿರು, ಬಾಣಂತನದ ಕಾರಣಗಳಿಂದ ಸಾಯುತ್ತಿದ್ದರು. ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು. ಲಕ್ಷಕ್ಕೆ ಲೆಕ್ಕ ಹಾಕಿದರೆ 2,000. ಈಗ? 2018-20ರ ಸರಕಾರಿ ಸಮೀಕ್ಷೆಯಲ್ಲಿ ಲಕ್ಷಕ್ಕೆ 97ಕ್ಕೆ ಇಳಿದಿತ್ತು. ನಮ್ಮ ಕರ್ನಾಟಕದಲ್ಲಿ 69. ನಮ್ಮ ನಾನಿಯರ ಕಾಲದಿಂದ ನಮ್ಮ ಕಾಲಕ್ಕೆ ಎಷ್ಟು ತಾಯಂದಿರು ಉಳಿದರು ನೋಡಿ! ಇದು ತಾನಾಗಿ ಆದದ್ದಲ್ಲ. ಲೆಕ್ಕ ಬರೆದಿಟ್ಟವರು, ಕೈ ತೊಳೆಯಿರಿ ಎಂದು ಗದರಿದವರು, ರಾತ್ರಿಯಿಡೀ ಸ್ಟೂಲಿನ ಮೇಲೆ ಕುಳಿತವರು ಇದರ ಹಿಂದೆ ಇದ್ದಾರೆ.

1947ರಲ್ಲಿ ನಿವೃತ್ತರಾದ ಮೇಲೂ ಡಾ. ಝಿರಾಡ್ ಸುಮ್ಮನೆ ಕೂರಲಿಲ್ಲ. ಹತ್ತು ವರ್ಷ ಭಾರತದ ವೈದ್ಯ ಮಹಿಳೆಯರ ಸಂಘದ ಅಧ್ಯಕ್ಷೆಯಾಗಿದ್ದರು. 1966ರಲ್ಲಿ ಸರಕಾರ ಪದ್ಮಶ್ರೀ ಕೊಟ್ಟಿತು. ತಮ್ಮ ಧರ್ಮದ ವಿಷಯದಲ್ಲೂ ಅವರು ಶ್ರದ್ಧೆಯುಳ್ಳವರು. 1925ರಲ್ಲಿ ಸೋದರಿ ಲಿಯಾ ಜೊತೆ ಸೇರಿ ಮುಂಬೈಯಲ್ಲಿ ಯಹೂದಿ ಧಾರ್ಮಿಕ ಒಕ್ಕೂಟವೊಂದನ್ನು ಕಟ್ಟಿದರು. 1948ರ ನಂತರ ಬೆನೆ ಇಸ್ರೇಲ್ ಕುಟುಂಬಗಳು ಸಾವಿರಗಟ್ಟಲೆ ದೇಶ ಬಿಟ್ಟು ಹೋದವು. ಇವರು ಇಲ್ಲೇ ಉಳಿದು, ತೊಂಬತ್ತು ದಾಟಿ ಬದುಕಿ, ಇಲ್ಲೇ ಕಣ್ಣುಮುಚ್ಚಿದರು.

ಗೋಷಾ ಆಸ್ಪತ್ರೆಯ ಮಾತು

ಡಾ. ಝಿರಾಡ್ ಬೆಂಗಳೂರು ಬಿಟ್ಟ ಮರುವರ್ಷ, ಅಂದರೆ 1925ರಲ್ಲಿ, ದಂಡು ಪ್ರದೇಶದಲ್ಲಿ ಇನ್ನೊಂದು ಆಸ್ಪತ್ರೆ ತಲೆಯೆತ್ತಿತು. ಹಾಜಿ ಸರ್ ಇಸ್ಮಾಯಿಲ್ ಸೇಠ್ ಎಂಬ ವ್ಯಾಪಾರಿಯ ದಾನದಿಂದ ಕಟ್ಟಿದ ಅದನ್ನು ಜನರು ಇಂದಿಗೂ ಗೋಷಾ ಆಸ್ಪತ್ರೆ ಎನ್ನುತ್ತಾರೆ. ಗೋಷಾ ಎಂದರೆ ಪರದೆಯಲ್ಲಿರುವ ಹೆಂಗಸು. ಮುಂಬೈಯಲ್ಲಿ ಒಬ್ಬ ಪಾರ್ಸಿ ಮಾಡಿದ್ದನ್ನು ಬೆಂಗಳೂರಿನಲ್ಲಿ ಒಬ್ಬ ಮುಸಲ್ಮಾನ ಮಾಡಿದರು. ಶಿವಾಜಿನಗರದ ಆ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮ ಓದುಗರಲ್ಲೂ ಎಷ್ಟೋ ಮಂದಿ ಇರಬಹುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪರದೆಯ ಮಹಿಳೆಗೆ ಲೇಡಿ ಡಾಕ್ಟರ್ ಬೇಕು ಎಂದು ನಾವೆಲ್ಲ ಕೇಳುತ್ತೇವೆ. ನ್ಯಾಯವಾದ ಬೇಡಿಕೆ. ಆದರೆ ಆ ಲೇಡಿ ಡಾಕ್ಟರ್ ಎಲ್ಲಿಂದ ಬರಬೇಕು? ಯಾರದೋ ಮನೆಯ ಮಗಳು ಹತ್ತು ವರ್ಷ ಓದಿ, ರಾತ್ರಿ ಪಾಳಿ ಮಾಡಿ ಡಾಕ್ಟರ್ ಆಗಬೇಕು, ನಮ್ಮ ಮಗಳನ್ನು ಮಾತ್ರ ಪಿ.ಯು.ಸಿ. ಆದ ಕೂಡಲೇ ಮದುವೆ ಮಾಡಿ ಕಳಿಸಬೇಕು ಎಂದರೆ ಅದು ಯಾವ ನ್ಯಾಯ? ವಿಜಯನಗರ, ಪಾದರಾಯನಪುರ, ಗೋರಿಪಾಳ್ಯ ಕಡೆಯ ನಮ್ಮ ಹುಡುಗಿಯರಲ್ಲಿ ಓದಿನ ಹಂಬಲಕ್ಕೆ ಕೊರತೆಯಿಲ್ಲ. "ನೀಟ್ ಬರೆಯಲಾ ಅಬ್ಬಾ?" ಎಂದು ಕೇಳುವ ಮಗಳಿಗೆ ಸಾಲ ಮಾಡಿಯಾದರೂ ದಾರಿ ತೋರಿಸಿದ ತಂದೆಯರನ್ನೂ ನಾನು ಕಂಡಿದ್ದೇನೆ, "ಅಷ್ಟೆಲ್ಲಾ ಯಾಕೆ?" ಎಂದು ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಿದವರನ್ನೂ ಕಂಡಿದ್ದೇನೆ. ನೂರು ವರ್ಷ ಹಿಂದೆ ಒಂದು ಪುಟ್ಟ ಅಲ್ಪಸಂಖ್ಯಾತ ಸಮುದಾಯದ ತಾಯಿತಂದೆ, ಸಾಲದ ಹಣದಲ್ಲಿ ಮಗಳನ್ನು ಕಡಲಾಚೆ ಕಳಿಸಿದ್ದನ್ನು ಈ ಎರಡನೆಯ ಬಗೆಯ ತಂದೆಯರು ಸ್ವಲ್ಪ ಆಲೋಚಿಸಲಿ.

ಪ್ಲೇಗಿನ ಕಾಲದ ಇನ್ನೊಬ್ಬರು

ಈ ಸಂದರ್ಭದಲ್ಲಿ ಇನ್ನೊಬ್ಬ ಯಹೂದಿಯನ್ನೂ ನೆನೆಯಬೇಕು. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ 1898ರಲ್ಲಿ ರೈಲಿನ ದಾರಿ ಹಿಡಿದು ಹುಬ್ಬಳ್ಳಿಗೂ ಬೆಂಗಳೂರಿಗೂ ತಲುಪಿತು. ನಮ್ಮ ರಾಜಾಜಿನಗರದ ಪಕ್ಕದ ಮಲ್ಲೇಶ್ವರ, ಆ ಕಡೆ ಬಸವನಗುಡಿ, ಇವೆರಡೂ ಆ ಭಯದ ನಂತರ ಗಾಳಿ ಬೆಳಕು ಬರುವಂತೆ ಬೆಳೆಸಿದ ಬಡಾವಣೆಗಳು. ಪ್ಲೇಗಿಗೆ ಲಸಿಕೆ ಕಂಡುಹಿಡಿದವರು ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. 1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತಮಗೇ ಚುಚ್ಚಿಸಿಕೊಂಡರು.

ಜನ ಹೆದರಿದರು. ಸೂಜಿಯಿಂದ ಜಾತಿ ಕೆಡುತ್ತದೆ, ಧರ್ಮ ಕೆಡುತ್ತದೆ ಎಂಬ ಗಾಳಿಮಾತು ಹಬ್ಬಿತು. ಆಗ ಖೋಜಾ ಮುಸ್ಲಿಮರ ನಾಯಕರಾಗಿದ್ದ, ಇಪ್ಪತ್ತರ ಹರೆಯದ ಮೂರನೇ ಆಗಾ ಖಾನರು ಎಲ್ಲರೆದುರಿಗೆ ತೋಳು ಮುಂದೊಡ್ಡಿ ಚುಚ್ಚಿಸಿಕೊಂಡರು. ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟರು. ಅವರನ್ನು ನೋಡಿ ಸಾವಿರಾರು ಖೋಜಾಗಳು ಲಸಿಕೆ ಹಾಕಿಸಿಕೊಂಡರು. ಹುಬ್ಬಳ್ಳಿಯಲ್ಲೂ ಬಹಳ ದೊಡ್ಡ ಪ್ರಮಾಣದಲ್ಲಿ ಈ ಲಸಿಕೆ ಹಾಕಲಾಯಿತು.

1902ರಲ್ಲಿ ಪಂಜಾಬಿನ ಮಾಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದು ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಅವರನ್ನು ಹುದ್ದೆಯಿಂದ ಸರಿಸಿದರು. ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದೇ ಕಾರಣ, ಅವರ ಪ್ರಯೋಗಶಾಲೆಯ ತಪ್ಪಲ್ಲ ಎಂದು ಒಪ್ಪಿಕೊಳ್ಳಲು 1907ರವರೆಗೆ ಸಮಯ ಹಿಡಿಯಿತು. ಆಮೇಲೆ ಅವರು ಮತ್ತೆ ಭಾರತಕ್ಕೇ ಬಂದು ಕೆಲಸ ಮಾಡಿದರು. ಆ ಮುಂಬೈ ಪ್ರಯೋಗಶಾಲೆಗೆ 1925ರಲ್ಲಿ ಅವರ ಹೆಸರನ್ನೇ ಇಟ್ಟರು.

ಯಹೂದಿ ನೆಂಟಸ್ತನ

ಇಷ್ಟು ಹೇಳಿದ ಮೇಲೆ ಇನ್ನೊಬ್ಬ ಹುಡುಗಿ, "ಅವರು ನಮಗೇನೂ ನೆಂಟರಲ್ಲವಲ್ಲ ಆಪಾ" ಎಂದಳು. ನೆಂಟರಲ್ಲ ಎಂದು ಯಾರು ಹೇಳಿದರು? ಪ್ರವಾದಿ ಇಬ್ರಾಹೀಮ್(ಅ)ರಿಗೆ ಇಸ್ಮಾಈಲ್(ಅ) ಮತ್ತು ಇಸ್ಹಾಕ್(ಅ) ಎಂಬ ಇಬ್ಬರು ಮಕ್ಕಳು. ಅಣ್ಣತಮ್ಮಂದಿರ ಸಂತತಿ ಪರಸ್ಪರ ಏನಾಗಬೇಕು?

ಇನ್ನೂ ಹತ್ತಿರದ ಸಂಬಂಧವಿದೆ. ವಿಶ್ವಾಸಿಗಳ ತಾಯಿಯಾದ ಹ. ಸಫಿಯ್ಯಾ(ರ) ಯಹೂದಿಗಳ ಬನೂ ನಝೀರ್ ಗೋತ್ರದ ಮನೆಮಗಳು. ಒಮ್ಮೆ ಅವರನ್ನು ಯಹೂದಿಯ ಮಗಳು ಎಂದು ಯಾರೋ ಚುಚ್ಚಿ ಆಡಿದಾಗ ಅವರು ಅತ್ತರು. ಪ್ರವಾದಿವರ್ಯರು(ಸ) ಸಮಾಧಾನಪಡಿಸಿ, ನಿನ್ನ ವಂಶದ ಹಿರಿಯರಲ್ಲಿ ಪ್ರವಾದಿಗಳಿದ್ದಾರೆ, ನಿನ್ನ ಪತಿಯೂ ಪ್ರವಾದಿ, ಇನ್ನು ನಿನ್ನೆದುರು ಯಾರು ಏನನ್ನು ಹೆಚ್ಚುಗಾರಿಕೆಯಾಗಿ ಹೇಳಿಕೊಳ್ಳಬಲ್ಲರು ಎಂಬರ್ಥದಲ್ಲಿ ನುಡಿದರು. ಹುಟ್ಟಿನ ಹೆಸರಿನಲ್ಲಿ ಹೀಯಾಳಿಸುವುದನ್ನು ಅವರು ತಮ್ಮ ಮನೆಯೊಳಗೇ ತಡೆದರು.

ಪ್ರವಾದಿವರ್ಯರ(ಸ) ನಂತರದ ಕಾಲದಲ್ಲಿ ಸಫಿಯ್ಯಾ(ರ)ರ ಸೇವಕಿಯೊಬ್ಬಳು ಖಲೀಫ ಹ. ಉಮರ್(ರ)ರ ಬಳಿ ಹೋಗಿ, ಇವರು ಈಗಲೂ ಶನಿವಾರವನ್ನು ಪ್ರೀತಿಸುತ್ತಾರೆ, ಯಹೂದಿಗಳ ಜೊತೆ ಸಂಬಂಧ ಇಟ್ಟುಕೊಂಡಿದ್ದಾರೆ ಎಂದು ಚಾಡಿ ಹೇಳಿದಳು. ಖಲೀಫರು ವಿಚಾರಿಸಿದಾಗ ಸಫಿಯ್ಯಾ(ರ) ಅಂಜಲಿಲ್ಲ. ಶುಕ್ರವಾರ ದೊರೆತ ಮೇಲೆ ಶನಿವಾರದ ಮೇಲೆ ಮೋಹವಿಲ್ಲ, ಆದರೆ ಯಹೂದಿಗಳಲ್ಲಿ ನನ್ನ ಬಂಧುಗಳಿದ್ದಾರೆ, ಅವರೊಂದಿಗೆ ಬಾಂಧವ್ಯ ಉಳಿಸಿಕೊಳ್ಳುತ್ತೇನೆ ಎಂದರು. ಮನೆಗೆ ಬಂದು ಸೇವಕಿಯನ್ನು ಕೇಳಿದರು, ಹೀಗೇಕೆ ಮಾಡಿದೆ ಎಂದು. ಶೈತಾನ ಮಾಡಿಸಿದ ಎಂದಳು. ಸಿಟ್ಟಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕೇ? ಆದರೆ ಸಫಿಯ್ಯಾ(ರ) ಅವಳನ್ನು ದಂಡಿಸಲಿಲ್ಲ, ದಾಸ್ಯದಿಂದ ಬಿಡುಗಡೆ ಮಾಡಿ ಕಳಿಸಿದರು.

ಪ್ರವಾದಿವರ್ಯರ(ಸ) ಮುಂದೆ ಒಂದು ಶವಯಾತ್ರೆ ಹಾದುಹೋದಾಗ ಅವರು ಎದ್ದು ನಿಂತದ್ದೂ, ಅದು ಯಹೂದಿಯದು ಎಂದವರಿಗೆ ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನೆ ಹಾಕಿದ್ದೂ ನಮ್ಮ ಮದ್ರಸದ ಮಕ್ಕಳಿಗೆ ಗೊತ್ತು. ಗೊತ್ತಿರುವುದು ಬೇರೆ, ಸಿಟ್ಟು ಬಂದಾಗ ನೆನಪಾಗುವುದು ಬೇರೆ. ಗಾಝಾದ ತಾಯಂದಿರಿಗಾಗಿ ದುಆ ಮಾಡೋಣ, ಅನ್ಯಾಯವನ್ನು ಅನ್ಯಾಯವೆಂದೇ ಹೇಳೋಣ. ಆದರೆ ಆ ನೋವನ್ನು ಮೈಸೂರು ರಸ್ತೆಯ ಗೋರಿಗಳ ಮೇಲೆ, ಶಿವಮೊಗ್ಗದ ಆ ಹೆಣ್ಣುಮಗಳ ಮೇಲೆ ಹೊರಿಸುವುದು ಬೇಡ. ಕೋಲ್ಕತ್ತಾದ ಹಳೆಯ ಸಿನಗಾಗ್‌ಗಳನ್ನು ತಲೆಮಾರುಗಳಿಂದ ನೋಡಿಕೊಂಡು ಬಂದವರು ಮುಸ್ಲಿಮ್ ಕುಟುಂಬಗಳು. ಅಲ್ಲಿನ ಯಹೂದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಈಗ ಓದುವವರಲ್ಲಿ ಬಹುಪಾಲು ಮುಸ್ಲಿಮ್ ಹುಡುಗಿಯರೇ.

ಬೈಗುಳದ ಎರಡು ಬಗೆ

ಇನ್ನು ಡಾಕ್ಟರರ ಸಿಟ್ಟಿನ ವಿಷಯ. ಸಿಟ್ಟಿನಲ್ಲಿ ಎರಡು ಬಗೆ. ನಮ್ಮ ನಾನಿಯ ಡಾಕ್ಟರಮ್ಮನ ಸಿಟ್ಟು ಕಾಯಿಲೆಯ ಮೇಲೆ, ತಡವಾದ ಮೂರು ದಿನಗಳ ಮೇಲೆ. ಆ ಸಿಟ್ಟು ನಾನಿಯನ್ನು ಬಿಟ್ಟು ಮನೆಯವರಿಗೆ ತಟ್ಟಿತು. ರಾತ್ರಿ ಅದೇ ಸಿಟ್ಟು ಸ್ಟೂಲಿನ ಮೇಲೆ ಎಚ್ಚರವಾಗಿ ಕುಳಿತಿತ್ತು. ಇನ್ನೊಂದು ಬಗೆ, ನೋವಿನಲ್ಲಿ ನರಳುವ ಹೆಣ್ಣನ್ನೇ ಹೀಯಾಳಿಸುವುದು. "ಆಗ ಗೊತ್ತಾಗಲಿಲ್ಲವಾ?", "ಎಷ್ಟು ಮಕ್ಕಳು ನಿಮಗೆ?" ಎಂಬಂಥ ಮಾತುಗಳು. ಇಂಥ ಮಾತು ಕೇಳುವವರು ಹೆಚ್ಚಾಗಿ ಬಡವರು, ಅದರಲ್ಲೂ ಬುರ್ಖಾದವರು ಎಂಬುದನ್ನು ನಮ್ಮ ಸಹೋದರಿಯರು ನನ್ನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇದರ ಪರಿಣಾಮ ಒಂದು ದಿನಕ್ಕೆ ಮುಗಿಯುವುದಿಲ್ಲ. ಒಮ್ಮೆ ಅವಮಾನವಾದವಳು ಮುಂದಿನ ಬಸಿರಿನಲ್ಲಿ ತಪಾಸಣೆಗೆ ಹೋಗಲು ಹಿಂಜರಿಯುತ್ತಾಳೆ. ಆ ಹಿಂಜರಿಕೆಯೇ ಜೀವ ತೆಗೆಯಬಹುದು.

ಇದು ನಮ್ಮ ಊರಿನ ದೂರು ಮಾತ್ರವಲ್ಲ. ಹೆರಿಗೆಯ ಹೊತ್ತಿನ ಅವಮಾನ, ದೌರ್ಜನ್ಯಗಳನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿಕೆ ಹೊರಡಿಸಿತು. 2016ರಲ್ಲಿ ಕೇಂದ್ರ ಸರಕಾರ, ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬರು ಇರಬಹುದು ಎಂದು ಸೂಚನೆ ಕೊಟ್ಟಿತು. ಹಾಗೆ ಇರುವವಳು ಸ್ವತಃ ಹೆತ್ತ ಅನುಭವವುಳ್ಳ ಹೆಂಗಸಾಗಿರಬೇಕು, ಸಾಂಕ್ರಾಮಿಕ ಕಾಯಿಲೆ ಇರಬಾರದು, ಶುಭ್ರ ಬಟ್ಟೆ ಧರಿಸಿರಬೇಕು. 2017ರ ಡಿಸೆಂಬರ್‌ನಲ್ಲಿ 'ಲಕ್ಷ್ಯ' ಎಂಬ ಯೋಜನೆಯಲ್ಲಿ, ಹೆರಿಗೆ ಕೋಣೆಯಲ್ಲಿ ಗೌರವದಿಂದ ನಡೆಸಿಕೊಳ್ಳುವುದನ್ನೂ ಸೇರಿಸಲಾಯಿತು. ಸಹೋದರಿಯರೇ, ಈ ವಿಷಯ ನೆನಪಿಡಿ. ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋದಾಗ "ನಾನು ಜೊತೆಗಿರಬಹುದಾ ಮೇಡಂ?" ಎಂದು ವಿನಯದಿಂದ, ಆದರೆ ದೃಢವಾಗಿ ಕೇಳಿ.

ನಮ್ಮ ಕಡೆಯ ಕರ್ತವ್ಯವೂ ಇದೆ. ಬಸಿರು ಎಂದು ತಿಳಿದ ಕೂಡಲೇ ತಾಯಿ ಕಾರ್ಡ್ ಮಾಡಿಸಿ, ಪ್ರತಿ ಸಲವೂ ಅದನ್ನು ತೆಗೆದುಕೊಂಡು ಹೋಗಿ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅಪಾಯ. ಕಬ್ಬಿಣಾಂಶದ ಮಾತ್ರೆಯನ್ನು ಮೂರು ತಿಂಗಳು ತುಂಬಿದ ಮೇಲೆ ದಿನವೂ ನುಂಗಬೇಕು, ಬಾಣಂತನದಲ್ಲೂ ಆರು ತಿಂಗಳು ನಿಲ್ಲಿಸಬಾರದು. ಚಹಾ ಜೊತೆ ಮಾತ್ರ ಬೇಡ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮುಖ, ಕೈ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆಯಾದರೆ ಅತ್ತೆಯ ಅನುಮತಿಗೂ ಗಂಡ ಅಂಗಡಿಯಿಂದ ಬರುವುದಕ್ಕೂ ಕಾಯಬೇಡಿ. ಆ ಗಂಟೆಯೇ ಹೊರಡಿ. 108ಕ್ಕೆ ಕರೆ ಮಾಡಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಸತ್ತರು. ಕೊಟ್ಟ ಗ್ಲೂಕೋಸಿನಂಥ ದ್ರಾವಣದ ಮೇಲೆ ಸಂಶಯ ಮೂಡಿತು. ಕೆಲಸ ಇನ್ನೂ ಮುಗಿದಿಲ್ಲ. ಇವಳು ಏಕೆ ಸತ್ತಳು, ತಡೆಯಬಹುದಿತ್ತೇ ಎಂಬ ಡಾ. ಝಿರಾಡರ ಪ್ರಶ್ನೆಯನ್ನು ಇಂದಿಗೂ ಯಾರಾದರೂ ಕೇಳುತ್ತಲೇ ಇರಬೇಕು.

ಸಿಟ್ಟನ್ನು ನುಂಗುವವನೇ ನಿಜವಾದ ಬಲಶಾಲಿ ಎಂಬುದು ನಮ್ಮ ಧರ್ಮದ ಪಾಠ. ನಿಂತಿರುವಾಗ ಸಿಟ್ಟು ಬಂದರೆ ಕುಳಿತುಕೊಳ್ಳಿ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಇದು ಡಾಕ್ಟರಿಗೂ ಅನ್ವಯ, ರೋಗಿಗೂ ಅನ್ವಯ, ಟಿ.ವಿ.ಯ ಮುಂದೆ ಕುಳಿತು ಹಲ್ಲು ಕಡಿಯುವ ನಮಗೂ ಅನ್ವಯ. ಸಿಟ್ಟು ಅನ್ಯಾಯದ ಎದುರು ಎದ್ದು ನಿಲ್ಲಲಿ, ಅಮಾಯಕರ ಎದುರು ಕುಳಿತುಕೊಳ್ಳಲಿ.

ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮದ್ದು ಕೊಡುವ ಕೈಯ ಜಾತಿ ಕೇಳಬೇಡ ಮಗಳೇ. ಆ ಕೈ ತೊಳೆದಿದೆಯೇ, ಅದಕ್ಕೆ ಕೆಲಸ ಗೊತ್ತಿದೆಯೇ ಎಂದು ಕೇಳು. ಸಾಧ್ಯವಾದರೆ ನಾಳೆ ನಿನ್ನ ಕೈಯೇ ಅಂಥದಾಗಲಿ. ನಿನ್ನ ಬಳಿ ಬರುವವಳು ಯಾವ ಸಮುದಾಯದವಳಾದರೂ ಸರಿ, ಅವಳ ಮಂಚದ ಪಕ್ಕ ರಾತ್ರಿಯಿಡೀ ಕುಳಿತುಕೊಳ್ಳುವ ತಾಳ್ಮೆಯನ್ನು ಅಲ್ಲಾಹನು ನಿನಗೆ ಕೊಡಲಿ. ಆಮೀನ್.